ಹತ್ತು ಲಕ್ಷ ಕೋಟಿ ಮತ್ತು ಒಂದು ಕ್ವಿಂಟಲ್ ಕೊಬ್ಬರಿ

2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಬಂಡವಾಳದ ಜಾತ್ರೆ ನಡೆಯಿತು. 10.27 ಲಕ್ಷ ಕೋಟಿ ರೂಪಾಯಿ ಹೂಡಿಕೆಯ ಭರವಸೆ ಬಂತೆಂದು ಸರ್ಕಾರ ಡಂಗುರ ಸಾರಿತು. 2022ರಲ್ಲಿ ಇನ್ನೊಂದು ಪಕ್ಷದ ಸರ್ಕಾರ 9.81 ಲಕ್ಷ ಕೋಟಿಯ ಲೆಕ್ಕ ಹೇಳಿತ್ತು. 2010ರಿಂದ ಹೀಗೆ ಸಿಕ್ಕ ಭರವಸೆಗಳನ್ನೆಲ್ಲ ಕೂಡಿದರೆ ನಮ್ಮ ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಹೋಬಳಿಯ ಒಂದೊಂದು ತೆಂಗಿನ ಬುಡಕ್ಕೂ ಒಂದೊಂದು ಕಾರ್ಖಾನೆ ಬಂದಿರಬೇಕಿತ್ತು. ಬಂದದ್ದು ನುಸಿ ರೋಗ, ಕಾಂಡದಿಂದ ರಸ ಸೋರುವ ರೋಗ, ಸಾವಿರ ಅಡಿಗೂ ನೀರು ಸಿಗದ ಬೋರ್‌ವೆಲ್.

ಉದ್ಯಮ ಬೆಳೆಸುತ್ತೇವೆ ಎನ್ನುವವರಿಗೆ ನಮ್ಮ ಮನೆಗಳ ಅಟ್ಟ ಉದ್ಯಮವಾಗಿ ಕಾಣುವುದೇ ಇಲ್ಲ. ಅರಸೀಕೆರೆ, ತಿಪಟೂರು ಸೀಮೆಯ ಉಂಡೆ ಕೊಬ್ಬರಿ ಹೇಗಾಗುತ್ತದೆಂದು ಗೊತ್ತೆ? ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೆರಡು ತಿಂಗಳು ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಮೇಲೆ ಮಟ್ಟೆ ಸುಲಿದು, ಮಚ್ಚಿನಿಂದ ಚಿಪ್ಪು ಒಡೆದು, ಉಂಡೆ ಸೀಳದಂತೆ ಹೊರತೆಗೆಯಬೇಕು. ಏಟು ಒಂದಿಷ್ಟು ತಪ್ಪಿದರೆ ಉಂಡೆ ಹೋಳಾಗುತ್ತದೆ, ರೇಟು ಬೀಳುತ್ತದೆ. ವರ್ಷವಿಡೀ ದುಡ್ಡು ಅಟ್ಟದ ಮೇಲೆ ಮಲಗಿರುತ್ತದೆ, ಸಾಲದ ಬಡ್ಡಿ ಕೆಳಗೆ ಓಡಾಡುತ್ತಿರುತ್ತದೆ. ಇದು ಬಂಡವಾಳ ಹೂಡಿಕೆಯಲ್ಲದೆ ಮತ್ತೇನು ಸ್ವಾಮಿ?

2023ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ಮಂಡಿಯಲ್ಲಿ ಸಿಕ್ಕಿದ್ದು ಎಂಟು ಸಾವಿರದ ಆಸುಪಾಸು. ಮರುವರ್ಷ ನಾಫೆಡ್ ಖರೀದಿಗೆ ಹೆಸರು ಬರೆಸಲು ರೈತರು ಕೇಂದ್ರಗಳ ಮುಂದೆ ರಾತ್ರಿಯೆಲ್ಲ ಸರದಿ ಕಾದರು. ಹೂಡಿಕೆದಾರರಿಗೆ ಮಾತ್ರ ಕೃತಕ ಬುದ್ಧಿಮತ್ತೆಯ ಏಕಗವಾಕ್ಷಿ, ಕುಂತಲ್ಲೇ ಮಂಜೂರಾತಿ. 2025ರಲ್ಲಿ ಅದೇ ಕೊಬ್ಬರಿ ಕ್ವಿಂಟಲ್‌ಗೆ 25 ಸಾವಿರ ದಾಟಿತು. ದಾಟಿದ್ದೇಕೆಂದರೆ ಮರದಲ್ಲಿ ಕಾಯಿಯೇ ಇರಲಿಲ್ಲ. ಕಷ್ಟಕ್ಕೆ ಸಿಕ್ಕವರು ಅಟ್ಟ ಖಾಲಿ ಮಾಡಿಕೊಂಡು ಆಗಲೇ ಬಹಳ ದಿನವಾಗಿತ್ತು.

ನಮ್ಮ ಕಡೆಯ ಒಬ್ಬ ಹೆಣ್ಣುಮಗಳು ನಾರಿನ ಹಗ್ಗ ಹೊಸೆಯುವ ಯಂತ್ರ ಹಾಕಬೇಕೆಂದು ಬ್ಯಾಂಕಿಗೆ ಹೋದಳು. ಮಟ್ಟೆ ಬೇಲಿ ಪಕ್ಕ ಬಿದ್ದು ಕೊಳೆಯುತ್ತದೆ, ಇಲ್ಲವೇ ನೀರೊಲೆಗೆ ಹೋಗುತ್ತದೆ. ಅದೇ ನಾಲ್ಕು ಕಾಸು ತರಲಿ ಎಂಬ ಸರಳ ಲೆಕ್ಕ ಅವಳದು. ಸಣ್ಣ ಉದ್ದಿಮೆಗಳ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಕೂಡದೆಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿತ್ತು. ಅವಳನ್ನು ಕೇಳಿದ್ದು ಪಹಣಿ. ಪಹಣಿ ಮಾವನ ಹೆಸರಲ್ಲಿದೆ, ಮಾವ ತೀರಿಕೊಂಡಿದ್ದಾರೆ, ಪೌತಿ ಖಾತೆ ಆಗಿಲ್ಲ. ಅಲ್ಲಿಗೆ ಅವಳ ಉದ್ದಿಮೆ ಮುಗಿಯಿತು. ಅವಳ ಮಗ ಈಗ ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಹತ್ತಿ ಪೀಣ್ಯ ಸೇರಿದ್ದಾನೆ.

ಇನ್ನು ಸಿನಿಮಾದ ಕಥೆ ಕೇಳಿ. 2025ರ ಮಾರ್ಚ್ ಬಜೆಟ್‌ನಲ್ಲಿ ಚಿತ್ರರಂಗಕ್ಕೆ ಉದ್ಯಮದ ಸ್ಥಾನಮಾನ, ಮೈಸೂರಿನಲ್ಲಿ 150 ಎಕರೆಯಲ್ಲಿ 500 ಕೋಟಿಯ ಚಿತ್ರನಗರಿ, ಸರ್ಕಾರದ್ದೇ ಒಟಿಟಿ, ಟಿಕೆಟ್‌ಗೆ 200 ರೂಪಾಯಿ ಮಿತಿ. ಆಹಾ! ಈ ಚಿತ್ರನಗರಿಯಷ್ಟು ಮನೆ ಬದಲಿಸಿದ ಬಾಡಿಗೆದಾರ ರಾಜ್ಯದಲ್ಲಿ ಇನ್ನೊಬ್ಬನಿಲ್ಲ. ಹೆಸರಘಟ್ಟ ಎಂದರು, ತಾತಗುಣಿಯ ರೋರಿಚ್ ಎಸ್ಟೇಟ್ ಎಂದರು, ಒಬ್ಬ ಮುಖ್ಯಮಂತ್ರಿ ರಾಮನಗರಕ್ಕೆ ಎಳೆದರು, ಇನ್ನೊಬ್ಬರು ನಂಜನಗೂಡಿನ ಹಿಮ್ಮಾವಿಗೆ. ಪಕ್ಕದ ಹೈದರಾಬಾದಿನಲ್ಲಿ ರಾಮೋಜಿ ಫಿಲ್ಮ್ ಸಿಟಿ 1996ರಲ್ಲೇ ಬಾಗಿಲು ತೆರೆಯಿತು. ಕೇರಳ ತನ್ನ ಒಟಿಟಿ ‘ಸಿ ಸ್ಪೇಸ್’ ಅನ್ನು 2024ರಲ್ಲೇ ಶುರು ಮಾಡಿತು. ನಾವು? 2019ರ ರಾಜ್ಯ ಚಲನಚಿತ್ರ ಪ್ರಶಸ್ತಿ ಪ್ರಕಟಿಸಿದ್ದು 2025ರ ಜನವರಿಯಲ್ಲಿ. 200 ರೂಪಾಯಿ ಮಿತಿಯ ಆದೇಶ ಸೆಪ್ಟೆಂಬರ್ 12ಕ್ಕೆ ಬಂತು, 23ಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ಕಣಕಟ್ಟೆಯ ಕೂಲಿಕಾರನಿಗೆ ಆದೇಶವೂ ಒಂದೇ, ತಡೆಯೂ ಒಂದೇ. ಅವನ ಸಿನಿಮಾ ಮೊಬೈಲಿನಲ್ಲಿ ತುಂಡುತುಂಡಾಗಿ ಓಡುತ್ತದೆ.

ಚಿತ್ರರಂಗಕ್ಕೆ ನಮ್ಮ ಹಾಸನ ಜಿಲ್ಲೆ ಗೊತ್ತಿಲ್ಲವೆಂದಲ್ಲ. ಕನ್ನಡದ ಮೊದಲ ವರ್ಣಚಿತ್ರ, 1964ರ ‘ಅಮರಶಿಲ್ಪಿ ಜಕಣಾಚಾರಿ’, ಹೊಯ್ಸಳ ಶಿಲ್ಪದ ಕಥೆಯನ್ನೇ ಬಂಡವಾಳ ಮಾಡಿಕೊಂಡಿತು. ಜಕಣಾಚಾರಿ ದಂತಕಥೆಯವನು. ಬೇಲೂರಿನ ಮದನಿಕೆಯರ ಪೀಠದಲ್ಲಿ ಹೆಸರು ಕೆತ್ತಿ ಹೋದವರು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಒಂಬೈನೂರು ವರ್ಷದ ಹಿಂದೆ ಕಲ್ಲುಕುಟಿಗನ ಹೆಸರು ಕಲ್ಲಿನ ಮೇಲೆ ಉಳಿಯಿತು; ಈ ಕಾಲದ ಲೈಟ್‌ಬಾಯ್‌ಗೆ, ಜೂನಿಯರ್ ಕಲಾವಿದನಿಗೆ ಕ್ಷೇಮನಿಧಿಯ ಕಾಯ್ದೆ ಬರಲು 2024 ಆಗಬೇಕಾಯಿತು. 2023ರಲ್ಲಿ ಬೇಲೂರು, ಹಳೇಬೀಡು ಯುನೆಸ್ಕೊ ಪಟ್ಟಿ ಸೇರಿದವು. ಕ್ಯಾಮೆರಾಗಳು ಇನ್ನಷ್ಟು ಬರುತ್ತವೆ. ಗುಡಿಯ ಮುಂದೆ ಹಾಡು, ಹಳ್ಳಿಯಲ್ಲಿ ಮಚ್ಚು. ಆ ಮಚ್ಚಿನಿಂದ ಚಿಪ್ಪು ಒಡೆದು ಬದುಕುವ ಹೆಂಗಸರ ಅಟ್ಟ ಹತ್ತಿದ ಕ್ಯಾಮೆರಾವನ್ನು ನಾನಂತೂ ಕಂಡಿಲ್ಲ.

ಇನ್ನು ಭೂಮಿಯ ಮಾತು. ಕೈಗಾರಿಕೆಗೆ ದೇವನಹಳ್ಳಿಯ ಹದಿಮೂರು ಹಳ್ಳಿಗಳ 1,777 ಎಕರೆ ಬೇಕೇ ಬೇಕೆಂದು ಹಟ ಹಿಡಿದ ಸರ್ಕಾರ, ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಕದಲದೆ ಕೂತ ಮೇಲೆ, 2025ರ ಜುಲೈನಲ್ಲಿ ಕೈಬಿಟ್ಟಿತು. ಕೆಲವರ ಭೂಮಿಯನ್ನು ಬೇಡವೆಂದರೂ ಬಿಡರು, ಕೆಲವರ ಬೆಳೆಯನ್ನು ಬೇಡಿಕೊಂಡರೂ ಕೊಳ್ಳರು.

ನಾವು ಕೇಳುವುದು ಬೆಟ್ಟದಷ್ಟಿಲ್ಲ. ಬೆಲೆ ಬಿದ್ದ ವಾರವೇ ಖರೀದಿ ಕೇಂದ್ರ ತೆರೆಯಿರಿ. ಪೌತಿ ಖಾತೆ ಬಾಕಿಯಿದ್ದರೂ ಮಟ್ಟೆಯ ಯಂತ್ರಕ್ಕೆ ಸಾಲ ಕೊಡಿಸಿ. ಹೋಬಳಿಗೊಂದು ನೂರು ಕುರ್ಚಿಯ ಚಿತ್ರಮಂದಿರ ಕಟ್ಟಿಸಿ, ನಮ್ಮ ಹುಡುಗ ಹುಡುಗಿಯರು ಇಲ್ಲೇ ಚಿತ್ರ ತೆಗೆದರೆ ಸಹಾಯಧನವನ್ನು ಅದೇ ವರ್ಷ ಕೊಡಿ. ಇದಕ್ಕೆಲ್ಲ 500 ಕೋಟಿ ಬೇಡ. ಬೇಡವಾದ್ದರಿಂದಲೇ ಇದು ಯಾರ ಬಜೆಟ್ಟಿನಲ್ಲೂ ಬರುತ್ತಿಲ್ಲವೆಂದು ನನ್ನ ಗುಮಾನಿ. ಇಷ್ಟು ಸಣ್ಣ ಕೆಲಸದಲ್ಲಿ ಗುತ್ತಿಗೆದಾರನಿಗೂ ಗಿಟ್ಟುವುದಿಲ್ಲ, ಅವನ ಹಿಂದೆ ನಿಂತವನಿಗೂ ಗಿಟ್ಟುವುದಿಲ್ಲ.