ಓಡುವ ಕೋಣವೂ ಬಾಚಣಿಗೆಯ ಹಲ್ಲುಗಳೂ

ಬಂಟ್ವಾಳ ತಾಲೂಕಿನ ಹೊಕ್ಕಾಡಿಗೋಳಿ, ಬೆಳ್ತಂಗಡಿ ತಾಲೂಕಿನ ವೇಣೂರು, ಮೂಡುಬಿದಿರೆಯ ಕಡಲಕೆರೆ - ಈ ಎಡೆಗಳ ಕಂಬಳವನ್ನು ವಾಚಕರಲ್ಲಿ ಅನೇಕರು ಕಣ್ಣಾರೆ ಕಂಡಿರುವರು. ಇಪ್ಪತ್ತು ವರುಷಗಳ ಹಿಂದೆ ಅದನ್ನು ಟೇಪಿನಲ್ಲಿ ಹಿಡಿದಿಟ್ಟ ಮನೆಗಳೂ ಉಂಟು. ಆ ಟೇಪುಗಳನ್ನು ಈಗ ಕಂಪ್ಯೂಟರಿಗೆ ಇಳಿಸಿ ನೋಡಿದರೆ ಒಂದು ವಿಕಾರವು ತೋರುವುದು. ನಿಂತ ಕೋಣವು ಸ್ವಚ್ಛವಾಗಿದೆ. ಓಡುವ ಕೋಣದ ಮೈಯಂಚು ಮಾತ್ರ ಬಾಚಣಿಗೆಯ ಹಲ್ಲುಗಳಂತೆ ಸೀಳಿಹೋಗಿದೆ. ಟೇಪು ಕೆಟ್ಟಿತೆಂದು ಹಲವರು ಭಾವಿಸುವರು. ಅದು ಸರಿಯಲ್ಲ.

ನಮ್ಮ ದೇಶದ ಹಳೆಯ ಟೆಲಿವಿಷನ್ ಪದ್ಧತಿಯಾದ ಪಾಲ್‌ನಲ್ಲಿ ಕಾಣುವ ಗೆರೆಗಳು 576. ಸೆಕೆಂಡಿಗೆ 25 ಪೂರ್ಣಚಿತ್ರಗಳು. ಆದರೆ ಒಂದೊಂದನ್ನೂ ಎರಡು ಅರ್ಧಗಳಾಗಿ ಹಿಡಿಯುತ್ತಿದ್ದರು. ಬೆಸ ಗೆರೆಗಳದು ಒಂದರ್ಧ, ಸರಿ ಗೆರೆಗಳದು ಇನ್ನೊಂದರ್ಧ. ಎರಡು ಕೈಗಳ ಬೆರಳುಗಳನ್ನು ಹೆಣೆದಂತಿರುವ ಈ ಬಗೆಗೆ ಇಂಟರ್‌ಲೇಸ್ ಎಂದು ಹೆಸರು. ಹಳೆಯ ಗಾಜಿನ ಪೆಟ್ಟಿಗೆಯು ಅರ್ಧಗಳನ್ನು ಒಂದಾದಮೇಲೊಂದು ತೋರಿಸುತ್ತಿದ್ದುದರಿಂದ ಕಣ್ಣಿಗೆ ದೋಷವು ಕಾಣುತ್ತಿರಲಿಲ್ಲ. ಇಂದಿನ ಪರದೆಯು ಎರಡನ್ನೂ ಒಮ್ಮೆಗೇ ತೋರಿಸುವುದು. ಸೆಕೆಂಡಿಗೆ 10 ಮೀಟರಿನಂತೆ ಓಡುವ ಕೋಣವು ಒಂದರ್ಧಕ್ಕೂ ಇನ್ನೊಂದಕ್ಕೂ ನಡುವಣ 1/50 ಸೆಕೆಂಡಿನಲ್ಲಿ 20 ಸೆಂಟಿಮೀಟರು, ಎಂದರೆ ಹೆಚ್ಚುಕಡಿಮೆ ಒಂದು ಗೇಣು, ಮುಂದೆ ಹೋಗಿರುವುದಷ್ಟೆ. ಹಲ್ಲುಗಳು ಹುಟ್ಟುವುದು ಹೀಗೆ.

ಇದಕ್ಕೆ ಪರಿಹಾರವು ಸಂಧಿ ಬಿಡಿಸಿದಂತೆ. ಕೂಡಿದ ಎರಡು ಪದಗಳನ್ನು ಬೇರ್ಪಡಿಸಬೇಕು, ಎರಡನ್ನೂ ಉಳಿಸಬೇಕು. ಆದರೆ ಅವಸರದ ಕೆಲಸಗಾರರು ಒಂದರ್ಧವನ್ನು ತೆಗೆದೇ ಬಿಡುವರು, ಇಲ್ಲವೆ ಎರಡನ್ನೂ ಕಲಸಿ ಮಬ್ಬುಗೊಳಿಸುವರು. ನಮ್ಮ ಪರಿಚಯದ ಮನೆಯೊಂದರಲ್ಲಿ ಅಜ್ಜನು ಕೋಣ ಓಡಿಸಿದ ಟೇಪನ್ನು ಹೀಗೆ ಪ್ರತಿಮಾಡಿಸಿ ಮೂಲವನ್ನು ಎಸೆದುಬಿಟ್ಟರು. ಈಗ ಅಜ್ಜನ ಮುಖವಿರಬೇಕಾದಲ್ಲಿ ಒಂದು ಮಸುಕು ಮಾತ್ರ ಇದೆ. ಅದನ್ನು ತಿದ್ದುವ ಉಪಾಯವು ಯಾರಲ್ಲಿಯೂ ಇಲ್ಲ.

ಆದುದರಿಂದ ಗೃಹಸ್ಥರು ಈ ಕೆಲಸವನ್ನು ತಾವೇ ಕಲಿಯುವುದು ಮೇಲು. ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶವು ಬೆಲೆಯಿಲ್ಲದೆ ದೊರೆಯುವುದು. ಅದರ ಡಿಇಂಟರ್‌ಲೇಸ್ ವಿಭಾಗದಲ್ಲಿ ಯಾಡಿಫ್ ಎಂಬುದನ್ನೂ ಅದರೊಳಗೆ ಬಾಬ್ ಎಂಬುದನ್ನೂ ಆರಿಸಿದರೆ ಪ್ರತಿಯೊಂದು ಅರ್ಧವೂ ಒಂದು ಪೂರ್ಣಚಿತ್ರವಾಗಿ ಸೆಕೆಂಡಿಗೆ 50 ಚಿತ್ರಗಳಾಗುವುವು. ಓಟದ ನಯವು ಕೆಡದು. ಮೊದಲು ಒಂದು ನಿಮಿಷದ ತುಣುಕಿನಲ್ಲಿ, ಅದೂ ಓಟದ ಭಾಗದಲ್ಲಿಯೇ, ಪರೀಕ್ಷಿಸಬೇಕು. ಕೋಣವು ಹಿಂದಕ್ಕೂ ಮುಂದಕ್ಕೂ ನಡುಗಿದರೆ ಅರ್ಧಗಳ ಕ್ರಮವು ತಲೆಕೆಳಗಾಗಿದೆಯೆಂದು ತಿಳಿಯತಕ್ಕದ್ದು. ಡಿವಿ ಟೇಪಿನಲ್ಲಿ ಕೆಳಗೆರೆಯ ಅರ್ಧವೇ ಮೊದಲು. ಚಿತ್ರವನ್ನು ಹಿರಿದು ಕಿರಿದು ಮಾಡುವುದು ಹೆಣಿಗೆಯನ್ನು ಬಿಡಿಸಿದ ಬಳಿಕವೇ ಹೊರತು ಮೊದಲಲ್ಲ; ಮೊದಲೇ ಮಾಡಿದರೆ ಗೆರೆಗಳು ಬೆರೆತು ಮತ್ತೆ ಬೇರ್ಪಡವು. ಕತ್ತರಿಸುವುದು, ಜೋಡಿಸುವುದು, ಹೆಸರು ಬರೆಯುವುದು ಇವೆಲ್ಲ ಆಮೇಲಿನ ಪಾಠಗಳು.

ಎಲ್ಲಕ್ಕಿಂತ ಮುಖ್ಯವಾದುದು ಮೂಲದ ರಕ್ಷಣೆ. ಮೂಡುಬಿದಿರೆಯ ಧವಲಾ ಗ್ರಂಥದ ಪ್ರತಿಗಳು ಹೊರಗೆ ಹರಡಿ, 1939ರಿಂದ ಅದು ಅಚ್ಚಾಗತೊಡಗಿತು. ಆದರೂ ಪಾಠಶುದ್ಧಿಗಾಗಿ ಬಸದಿಯ ತಾಳೆಗರಿಗಳನ್ನೇ ಮತ್ತೆ ನೋಡಬೇಕಾಯಿತು. ಗರಿಗಳು ಉಳಿದಿದ್ದುದರಿಂದ ಅದು ಸಾಧ್ಯವಾಯಿತು. ಟೇಪಿನಿಂದ ಇಳಿಸಿದ ಮೂಲ ಕಡತವನ್ನೂ ಹಾಗೆಯೇ, ಹೆಣಿಗೆಯನ್ನು ಬಿಡಿಸದೆ, ಎರಡು ಕಡೆ ಇಡಬೇಕು. ಒಂದು ಗಂಟೆಯ ಡಿವಿ ಟೇಪಿಗೆ ಸುಮಾರು 13 ಗಿಗಾಬೈಟ್ ಜಾಗವು ಸಾಕು. ನಾಳೆ ಇದಕ್ಕಿಂತ ಉತ್ತಮವಾದ ತಂತ್ರಾಂಶವು ಬಂದರೆ ಅದು ಕೇಳುವುದೂ ಮೂಲವನ್ನೇ.

ತಡಮಾಡುವುದು ಮಾತ್ರ ತರವಲ್ಲ. ನಮ್ಮ ಕಡೆಯ ಮಳೆಗಾಲದಲ್ಲಿ ಟೇಪಿಗೆ ಬೂಷ್ಟು ಹಿಡಿಯುವುದು. ವಿಸಿಆರ್ ಯಂತ್ರಗಳನ್ನು ಕಟ್ಟಕಡೆಗೆ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಸಂಸ್ಥೆಯೂ 2016ರಲ್ಲಿ ಅದನ್ನು ನಿಲ್ಲಿಸಿತು. ಅಟ್ಟದ ಮೇಲಿರುವ ಟೇಪುಗಳನ್ನು ವಾಚಕರು ಈ ವಾರವೇ ಕೆಳಗಿಳಿಸಿ ನೋಡಲಿ.