ಏನೂ ಕೇಳಲ್ಲ ಮೇಡಂ

ನನ್ನ ಮೆಟರ್ನಿಟಿ ರಜೆಯ 26 ವಾರಗಳಲ್ಲಿ 23 ಮುಗಿದಿದ್ದವು. ಅಮ್ಮನಿಗೆ ಮಂಡಿನೋವು, ಅತ್ತೆಗೆ ಇನ್ನೂ ಎರಡು ವರ್ಷ ಸರ್ವೀಸ್ ಬಾಕಿ. ಮನೆಯಲ್ಲೇ ಇದ್ದು ಮಗು ನೋಡಿಕೊಳ್ಳುವವರು ಬೇಕು ಅಂತ ಒಂದು ಏಜೆನ್ಸಿಗೆ ಫೋನ್ ಮಾಡಿದೆ. ಆ ಕಡೆಯವರು ಮೂರೇ ನಿಮಿಷದಲ್ಲಿ ಎಲ್ಲಾ ಹೇಳಿ ಮುಗಿಸಿದರು. 12 ಗಂಟೆ ಕೆಲಸಕ್ಕೆ ತಿಂಗಳಿಗೆ 18,000. 24 ಗಂಟೆಗೆ 21,000. ಏಜೆನ್ಸಿಗೆ ಒಂದು ತಿಂಗಳ ಸಂಬಳದಷ್ಟು ಕಮಿಷನ್. ಹೊಂದಿಕೆ ಆಗಲಿಲ್ಲ ಅಂದ್ರೆ ಆರು ತಿಂಗಳೊಳಗೆ ಎರಡು ರಿಪ್ಲೇಸ್‌ಮೆಂಟ್ ಫ್ರೀ. ಇದು ಮಿಕ್ಸಿಗೆ ಕೊಡೋ ವಾರಂಟಿ ಥರ ಇದೆಯಲ್ಲ ಅಂತ ಅವತ್ತು ಹೊಳೆಯಲೇ ಇಲ್ಲ. ಪರವಾಗಿಲ್ಲ, ಒಳ್ಳೆ ಡೀಲು ಅನ್ನಿಸಿತು.

ಶನಿವಾರ ಮೂರು ಜನ ಬಂದರು. ನಾನು ಸೋಫಾದಲ್ಲಿ, ಅವರು ಬಾಗಿಲ ಹತ್ರ ನಿಂತು. ನನ್ನ ಫೋನಿನಲ್ಲಿ 17 ಪ್ರಶ್ನೆಗಳ ಪಟ್ಟಿ ಇತ್ತು. ಆಧಾರ್ ಇದೆಯಾ, ಹಿಂದಿನ ಮನೆ ಯಾಕೆ ಬಿಟ್ಟೆ, ಅವರ ನಂಬರ್ ಕೊಡ್ತೀಯಾ, ಗಂಡ ಏನು ಮಾಡ್ತಾನೆ, ಮೊಬೈಲ್ ಜಾಸ್ತಿ ನೋಡ್ತೀಯಾ, ಪದೇ ಪದೇ ಊರಿಗೆ ಹೋಗ್ತೀಯಾ. ‘ನಿಮ್ಮ ಪೈಕಿ ಯಾರಮ್ಮ?’ ಅಂತ ಕೇಳಿದ್ದು ನಾನಲ್ಲ, ನಮ್ಮಮ್ಮ. ತಡೆಯದೆ ಸುಮ್ಮನೆ ಕೂತವಳು ನಾನು.

ಮೂರನೆಯವರು ರಾಯಚೂರು ಕಡೆಯವರು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ನಾನು ‘ನೀನು’ ಅಂತಲೇ ಮಾತಾಡಿಸುತ್ತಿದ್ದೆ. ಅವರು ಹದಿನೇಳಕ್ಕೂ ಉತ್ತರ ಕೊಟ್ಟು, ಆಮೇಲೆ ‘ಈಗ ನಾ ಕೇಳ್ಲೇನ್ರಿ ಅಕ್ಕಾರ?’ ಅಂದರು.

‘ನಾ ಎಲ್ಲಿ ಮಕ್ಕೋಬೇಕ್ರಿ? ರಾತ್ರಿ ಕೂಸು ಎದ್ರ ಯಾರು ಏಳೂದು? ಐತವಾರ ಸೂಟಿ ಐತೇನ್ರಿ? ಸೂಟಿ ದಿನ ನಾ ಹೊರಗ ಹೋಗೂದಿದ್ರ ಯಾರ್‍ನಾದ್ರೂ ಕೇಳಬೇಕೇನ್ರಿ?’

ನಾಲ್ಕೇ ಪ್ರಶ್ನೆ. ನನ್ನ ಹತ್ರ ಒಂದಕ್ಕೂ ಉತ್ತರ ಇರಲಿಲ್ಲ. ನಮ್ಮದು ಎರಡು ಬೆಡ್‌ರೂಮಿನ ಮನೆ. ಅವರಿಗೆ ಹಾಲ್‌ನಲ್ಲಿ ಹಾಸಿಗೆ ಅಂತ ನಾವಿಬ್ಬರೂ ಚರ್ಚೆಯೇ ಇಲ್ಲದೆ ತೀರ್ಮಾನ ಮಾಡಿದ್ದೆವು. ಅದೇ ಹಾಲ್‌ನಲ್ಲಿ ನನ್ನ ಗಂಡ ರಾತ್ರಿ 11ರ ತನಕ ಕ್ಯಾಲಿಫೋರ್ನಿಯಾದವರ ಜೊತೆ ಕಾಲ್‌ನಲ್ಲಿರುತ್ತಾನೆ. ಕಾಲ್ ಇಲ್ಲದ ದಿನ ಟೀವಿ. ಅಂದರೆ ಆಕೆಯ ರಾತ್ರಿ ಶುರುವಾಗೋದು ನಮ್ಮದು ಮುಗಿದ ಮೇಲೆ. ಮಗು ಎದ್ದರೆ ಅದೂ ಇಲ್ಲ.

‘ಅದೆಲ್ಲಾ ಅಡ್ಜಸ್ಟ್ ಮಾಡ್ಕೊಳ್ಳೋಣ. ನಮ್ಮನೆಯವರ ಥರಾನೇ ನೋಡ್ಕೋತೀವಿ’ ಅಂದೆ. ಅವರು ‘ಆತ್ರಿ’ ಅಂತ ಹೇಳಿ ಚಪ್ಪಲಿ ಹಾಕಿಕೊಂಡು ಹೊರಟರು. ಸಂಜೆ ಏಜೆನ್ಸಿಯಿಂದ ಫೋನ್: ‘ಆ ಲೇಡಿದು ಸ್ವಲ್ಪ ಮಾತು ಜಾಸ್ತಿ ಮೇಡಂ. ಬೇರೆ ಹುಡುಗಿ ಕಳಿಸ್ತೀನಿ, ತುಂಬಾ ಸಾಧು. ಏನೂ ಕೇಳಲ್ಲ.’

ಏನೂ ಕೇಳಲ್ಲ. ಅಡುಗೆ ಬರುತ್ತೆ, ಮಗು ಸ್ನಾನ ಮಾಡಿಸೋಕೆ ಬರುತ್ತೆ ಅನ್ನೋ ಥರಾನೇ ಇದೂ ಒಂದು ಕ್ವಾಲಿಫಿಕೇಶನ್. ನನ್ನ ಹಿಂದಿನ ಇಂಟರ್‌ವ್ಯೂ ನೆನಪಾಯಿತು. ಕೊನೆಗೆ ಎಚ್‌ಆರ್ ‘ನೀವೇನಾದ್ರೂ ಕೇಳೋದಿದೆಯಾ?’ ಅಂದಾಗ ಏನೂ ಕೇಳದಿದ್ದರೆ ಆಸಕ್ತಿ ಇಲ್ಲ ಅಂದುಕೊಳ್ಳುತ್ತಾರೆ. ಹಾಗಾಗಿ ನಾನು ನೋಟಿಸ್ ಪೀರಿಯಡ್, ಇನ್ಶೂರೆನ್ಸ್, ವಾರಕ್ಕೆ ಎಷ್ಟು ದಿನ ಆಫೀಸು ಎಲ್ಲಾ ಕೆದಕಿ ಕೇಳಿದ್ದೆ. ನಾನು ಕೇಳಿದರೆ ಕ್ಲಾರಿಟಿ, ಅವರು ಕೇಳಿದರೆ ಬಾಯಿ.

ಇನ್ನು ಲೆಕ್ಕ. 12 ಗಂಟೆಗೆ 18,000, ಅದರ ಮೇಲಿನ 12 ಗಂಟೆಗೆ 3,000. ದಿನಕ್ಕೆ 100 ರೂಪಾಯಿ, ಗಂಟೆಗೆ ಎಂಟು ರೂಪಾಯಿ ಚಿಲ್ಲರೆ. ದರ್ಶಿನಿಯಲ್ಲಿ ಬೈಟು ಕಾಫಿಯ ನನ್ನ ಪಾಲಿನ ಅರ್ಧ ಲೋಟಕ್ಕೂ ಸಾಲದ ದುಡ್ಡು. ‘ಊಟ, ವಸತಿ ಕೊಡ್ತೀವಲ್ಲ?’ ಅಂತೀರಾ. ಆಫೀಸಿನಲ್ಲಿ ನನಗೂ ಊಟ ಫ್ರೀ. ಅದಕ್ಕೆ ಯಾರೂ ನನ್ನ ಸಂಬಳ ಮುರಿದುಕೊಂಡಿಲ್ಲ. ವಸತಿ ಅಂತೂ ಅವರಿಗಾಗಿ ಕೊಟ್ಟಿದ್ದಲ್ಲ. ರಾತ್ರಿ ಎರಡಕ್ಕೆ ಕೂಗಿದರೆ ಕೇಳಿಸುವಷ್ಟು ಹತ್ತಿರ ಇರಲಿ ಅಂತ ಕೊಟ್ಟಿದ್ದು.

2023ರಲ್ಲಿ ನಾರಾಯಣಮೂರ್ತಿಯವರು ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಅಂದಾಗ ನಾವೆಲ್ಲಾ ಎಷ್ಟು ಮೀಮ್ ಹಂಚಿದೆವು! 2024ರಲ್ಲಿ ಐಟಿಯವರ ಕೆಲಸದ ಅವಧಿಯನ್ನು ದಿನಕ್ಕೆ 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾವ ನಮ್ಮ ರಾಜ್ಯದಲ್ಲಿ ಬಂದಾಗ ನೌಕರರ ಸಂಘ ಗಟ್ಟಿಯಾಗಿ ವಿರೋಧಿಸಿತು, ನಾನೂ ಸ್ಟೇಟಸ್ ಹಾಕಿದ್ದೆ. ಈಗ ನಮ್ಮ ಮನೆಯೊಳಗಿನ ಲೆಕ್ಕ ನೋಡಿ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತು. ಮಧ್ಯಾಹ್ನ ಎರಡು ಗಂಟೆ ಬಿಡುವು ಅಂತ ಕಳೆದರೂ ದಿನಕ್ಕೆ 14, ವಾರಕ್ಕೆ 98. ಆ ಗಂಟೆಗಳನ್ನು ಗೊತ್ತು ಮಾಡುತ್ತಿರುವವರು ನಾವೇ, ಮೀಮ್ ಹಂಚಿದವರು.

ಕಾನೂನೇ ಇಲ್ಲ ಅಂತಲ್ಲ. ಮನೆಗೆಲಸಕ್ಕೆ ಕರ್ನಾಟಕ 2004ರಲ್ಲೇ ಕನಿಷ್ಠ ವೇತನ ಗೊತ್ತುಪಡಿಸಿತು. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಮನೆಯೂ ಕೆಲಸದ ಜಾಗವೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಮನೆಗೆಲಸದವರಿಗಾಗಿಯೇ 189ನೇ ಒಡಂಬಡಿಕೆ ಮಾಡಿತು. ವಾರಕ್ಕೊಮ್ಮೆ ಸತತ 24 ಗಂಟೆ ಬಿಡುವು ಕೊಡಬೇಕು, ಆ ಹೊತ್ತಿನಲ್ಲಿ ಮನೆಯಲ್ಲೇ ಇರಬೇಕು ಅಂತ ಕಟ್ಟುಪಾಡು ಹಾಕಬಾರದು, ಗುರುತಿನ ಚೀಟಿ ಅವರ ಹತ್ರವೇ ಇರಬೇಕು ಅನ್ನುತ್ತೆ ಅದು. ರಾಯಚೂರಿನ ಆ ಹೆಂಗಸು ಇದನ್ನೆಲ್ಲ ಓದಿ ಬಂದಿರಲಿಕ್ಕಿಲ್ಲ. ಆದರೆ ಅವರ ಕೊನೆಯ ಎರಡು ಪ್ರಶ್ನೆಗಳು ಅದರಲ್ಲೇ ಇವೆ. ಭಾರತ ಆ ಒಡಂಬಡಿಕೆಯನ್ನು ಅನುಮೋದಿಸಿಲ್ಲ. ಅನುಮೋದಿಸಿದ್ದರೂ ಲೇಬರ್ ಇನ್‌ಸ್ಪೆಕ್ಟರ್ ನಮ್ಮ ಗೇಟಿನ ಸೆಕ್ಯುರಿಟಿ ದಾಟಿ, ಲಿಫ್ಟ್ ಹತ್ತಿ, ಹಾಲ್‌ನಲ್ಲಿ ಯಾರು ಎಷ್ಟೊತ್ತಿಗೆ ಮಲಗಿದರು ಅಂತ ನೋಡೋಕೆ ಬರಲ್ಲ. ಅಷ್ಟು ಖಾತ್ರಿ ಇರೋದಕ್ಕೇ ನಾವು ನಿಶ್ಚಿಂತರು.

ಈ ಖಾಲಿ ಜಾಗ ತುಂಬೋಕೆ ನಮಗೊಂದು ಮಾತು ಸಿಕ್ಕಿದೆ: ಮನೆಯವರ ಥರ. ಎಂಥ ಮನೆಯವರು? ಊಟಕ್ಕೆ ನಮ್ಮ ಜೊತೆ ಕೂರದ, ತಟ್ಟೆ ಲೋಟ ಬೇರೆ ಇಟ್ಟ, ಫ್ರಿಜ್ ತೆಗೆಯೋಕೆ ಹಿಂಜರಿಯುವ ಮನೆಯವರು. ಹಕ್ಕಿನ ಹೊತ್ತಿಗೆ ಹೊರಗಿನವರು, ಕೆಲಸದ ಹೊತ್ತಿಗೆ ಮನೆಯವರು. ಮನೆಯವರಿಗೆ ಓವರ್‌ಟೈಮ್ ಇಲ್ಲವಲ್ಲ! ಕಂಪನಿಯವರು ‘ನಾವೆಲ್ಲಾ ಒಂದು ಫ್ಯಾಮಿಲಿ’ ಅಂದ ಕೂಡಲೇ ಇಂಕ್ರಿಮೆಂಟ್ ಇಲ್ಲ ಅಂತ ನಮಗೆ ಅರ್ಥವಾಗುತ್ತೆ. ಅದೇ ಮಾತನ್ನು ನಾವು ಇನ್ನೊಬ್ಬರಿಗೆ ಹೇಳುವಾಗ ಮಾತ್ರ ಪ್ರೀತಿ ಅನ್ನಿಸುತ್ತೆ.

‘ಇಷ್ಟೆಲ್ಲಾ ಕೊಟ್ರೆ ತಲೆ ಮೇಲೆ ಕೂರ್ತಾರೆ’ ಅಂದಳು ನನ್ನ ಗೆಳತಿ. ಇನ್ನೊಬ್ಬಳದು ಇನ್ನೂ ನೇರ: ‘ನಮಗೂ ಇಎಂಐ ಇದೆ ಕಣೇ, ಎರಡು ಜನ ಇಟ್ಕೊಳ್ಳೋಕಾಗುತ್ತಾ?’ ಈ ಎರಡನೆಯದು ನಿಜವಾದ ಕಷ್ಟ. ಆರು ತಿಂಗಳ ಮಗುವಿನ ತಾಯಿ ಕೆಲಸಕ್ಕೆ ಮರಳಬೇಕು, ಕ್ರೆಶ್ ಮನೆಯಿಂದ ಒಂದು ಗಂಟೆ ದೂರ, ಗಂಡ ‘ಹೆಲ್ಪ್’ ಮಾಡೋನು. ಇದು ನಾವು ಕಂಪನಿ, ಸರ್ಕಾರ, ಗಂಡ ಮೂವರ ಹತ್ರವೂ ಹಾಕಬೇಕಾದ ಜಗಳ. ಅದನ್ನು ಹಾಕಲಾಗದೆ, ಆ ಭಾರವನ್ನೆಲ್ಲಾ ಗಂಟೆಗೆ ಎಂಟು ರೂಪಾಯಿಗೆ ಇನ್ನೊಬ್ಬ ಹೆಂಗಸಿನ ತಲೆಗೆ ದಾಟಿಸುತ್ತಿದ್ದೇವೆ. ಆಕೆಯ ಮಕ್ಕಳನ್ನು ಊರಲ್ಲಿ ಯಾರು ನೋಡಿಕೊಳ್ಳುತ್ತಾರೆ ಅನ್ನೋದು ನನ್ನ ಹದಿನೇಳು ಪ್ರಶ್ನೆಗಳಲ್ಲಿ ಇರಲಿಲ್ಲ.

ಎರಡು ದಿನ ಬಿಟ್ಟು ಅವರಿಗೇ ಫೋನ್ ಮಾಡಿದೆ, ಈ ಸಲ ‘ನೀವು’ ಅಂತ. ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೆ. ಚಿಕ್ಕ ರೂಮು ನಿಮ್ಮದು, ಗಂಡನ ಮೇಜು ಹಾಲ್‌ಗೆ. ರಾತ್ರಿ ಮಗು ಎದ್ದರೆ ನಾವಿಬ್ಬರೇ ಸರದಿಯಲ್ಲಿ ಏಳ್ತೀವಿ. ರಾತ್ರಿ ಎಂಟಕ್ಕೆ ಕೆಲಸ ಮುಗೀತು. ಶನಿವಾರ ರಾತ್ರಿ ಎಂಟರಿಂದ ಸೋಮವಾರ ಬೆಳಿಗ್ಗೆ ತನಕ ಸೂಟಿ. ಬಾಗಿಲ ಕೀ ಒಂದು ನಿಮ್ಮ ಹತ್ರ. ಅವರು ‘ಹಾಳಿ ಮ್ಯಾಲ ಸಹಿ ಮಾಡ್ತೀರೇನ್ರಿ?’ ಅಂದರು. ಮಾಡಿದೆ.

ಮೊದಲ ಭಾನುವಾರ ಬೆಳಗಿನ ಜಾವ ಮಗುವಿಗೆ ಜ್ವರ. ಎಂಟು ಗಂಟೆಗೆ ಅವರು ಸೀರೆ ಉಟ್ಟು, ಚೀಲ ಹಿಡಿದು ಬಂದು ಮಗುವಿನ ಹಣೆ ಮುಟ್ಟಿ ನೋಡಿದರು. ‘ತಂಗೀ ಮನಿಗೆ ಹೋಗಿ ಬರ್ತೀನ್ರಿ’ ಅಂತ ಹೊರಟರು. ನನಗೆ ಉರಿದುಹೋಯಿತು. ಇಂಥ ಹೊತ್ತಲ್ಲಿ ಬಿಟ್ಟು ಹೋಗ್ತಾರಲ್ಲ ಅಂತ. ಹಾಳೆ ಬರೆದವಳು ನಾನು, ಸಹಿ ಹಾಕಿದವಳು ನಾನು. ನನ್ನ ರಜೆಯ ದಿನ ಮ್ಯಾನೇಜರ್ ಫೋನ್ ಮಾಡಿದರೆ ಎತ್ತದೇ ಇರುವವಳೂ ನಾನೇ. ಆದರೂ ಸಿಟ್ಟು ಬಂತು.

ಮಗುವಿಗೆ ಪ್ಯಾರಾಸಿಟಮಾಲ್ ಡ್ರಾಪ್ಸ್ ಹಾಕಿ, ಗಂಡನನ್ನು ಎಬ್ಬಿಸಿದೆ. ಅವತ್ತಿಡೀ ನಾವಿಬ್ಬರೇ ನೋಡಿಕೊಂಡೆವು. ಸೋಮವಾರ ಆರಕ್ಕೆ ಬಾಗಿಲಲ್ಲಿ ಕೀ ತಿರುಗಿದ ಸದ್ದಾಯಿತು. ‘ಕೂಸು ಹ್ಯಾಂಗೈತ್ರಿ?’ ಅಂತ ಕೇಳುತ್ತಲೇ ಒಳಗೆ ಬಂದರು.