ಮೆಟ್ಟಿಲ ಕೆಳಗಿನ ಫಟಫಟಿ

ಪುಣೆಯಲ್ಲಿ ಹಳೆಯ ಕಟ್ಟಡಗಳನ್ನು ಕೆಡವಿ ಹೊಸದು ಕಟ್ಟುವ ಸುಗ್ಗಿ ನಡೆದಿದೆಯೆಂಬುದು ವಾಚಕರಿಗೆ ಗೊತ್ತೇ ಇದೆ. ಕೆಡಹುವ ಮುನ್ನ ಒಂದೊಂದು ಕಟ್ಟಡದ ಮೆಟ್ಟಿಲ ಕೆಳಗಿನಿಂದಲೂ ಧೂಳು ಹೊದ್ದ ಒಂದೆರಡು ಗಾಡಿಗಳು ಹೊರಬರುತ್ತವೆ. ಸ್ಕೂಟರೋ, ಮೋಟಾರ್ ಸೈಕಲ್ಲೋ, ಅಂತೂ ಯಾರದೋ ಯೌವನದ ನೆನಪು. ಇವು ಕಿಲೋ ಲೆಕ್ಕದಲ್ಲಿ ಗುಜರಿಯ ದಾರಿ ಹಿಡಿಯುತ್ತವೆ. ಇವುಗಳಲ್ಲಿ ಬಹಳಷ್ಟು ಸತ್ತವಲ್ಲ, ಗಂಟಲು ಕಟ್ಟಿಕೊಂಡವು ಎಂಬುದು ನನ್ನ ವಾದ.

ಈ ವರ್ಷ ನಮ್ಮ ಪಕ್ಕದ ಕಟ್ಟಡದ ಸರದಿ ಬಂದಿತು. ಅಲ್ಲಿ ಮೈಸೂರಿನ ಕಡೆಯ ಅಜ್ಜಿಯೊಬ್ಬರಿದ್ದಾರೆ. ಅವರ ಯಜಮಾನರ ಯೆಜ್ದಿ ರೋಡ್‌ಕಿಂಗ್, ಅವರು ತೀರಿಕೊಂಡಂದಿನಿಂದ ಹನ್ನೊಂದು ವರ್ಷ ಗೋಣಿತಟ್ಟು ಹೊದ್ದು ನಿಂತಿತ್ತು. ತಿಂಗಳ ಕೊನೆಯೊಳಗೆ ಜಾಗ ತೆರವಾಗಬೇಕು. ಗುಜರಿಯವನು ಬೆಲೆಯನ್ನೂ ಕಟ್ಟಿ ಹೋಗಿದ್ದ. ಅಜ್ಜಿ ನನ್ನನ್ನು ಕರೆದು, "ಏನಪ್ಪಾ, ಇದರಲ್ಲಿ ಜೀವ ಇದೆಯೋ ಇಲ್ಲವೋ ನೋಡಿ ಹೇಳಿಬಿಡು. ಇದ್ದರೆ ಮೈಸೂರಲ್ಲಿರೋ ಮೊಮ್ಮಗನಿಗೆ ಕಳಿಸ್ತೀನಿ. ಇಲ್ಲದಿದ್ದರೆ ಅವನೇ ತೂಗಿಕೊಂಡು ಹೋಗಲಿ" ಎಂದರು. ಸರ್ಕಾರಿ ಗುಮಾಸ್ತನಿಗೆ ಎಲ್ಲವೂ ತಿಳಿದಿರುತ್ತದೆಂಬ ನಂಬಿಕೆ ಹಿರಿಯರಲ್ಲಿ ಇನ್ನೂ ಉಳಿದಿದೆ. ಅದನ್ನು ಕೆಡಿಸುವವನು ನಾನಲ್ಲ.

ಮೊಮ್ಮಗನಿಗೆ ಮೈಸೂರೇ ಊರಾದದ್ದು ಒಂದು ವಿಶೇಷ, ಏಕೆಂದರೆ ಗಾಡಿಯ ತವರೂ ಅದೇ. ಚೆಕ್ ದೇಶದ ಜಾವಾ ಮೋಟಾರ್ ಸೈಕಲನ್ನು ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ತಯಾರಿಸತೊಡಗಿತು. ಮುಂದೆ ಅದೇ ಯೆಜ್ದಿಯಾಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಆ ಹೆಸರುಗಳು 2018ರಲ್ಲಿ, 2022ರಲ್ಲಿ ಹೊಸ ಗಾಡಿಗಳ ಮೇಲೆ ಮರಳಿ ಬಂದಿವೆ ನಿಜ. ಆದರೆ ಒದೆಯುವುದಕ್ಕೂ ಗೇರು ಹಾಕುವುದಕ್ಕೂ ಒಂದೇ ಸನ್ನೆ, ಇಂಥ ಮಿತವ್ಯಯ ಹಳೆಯದರಲ್ಲಿ ಮಾತ್ರ.

ನಾನಾ ಪೇಟೆಯ ಬಿಡಿಭಾಗದ ಅಂಗಡಿಗಳ ಸಾಲಿನಲ್ಲಿ ವಿಚಾರಿಸಿದಾಗ ಸೊಲ್ಲಾಪುರದ ಕಡೆಯ ಮಿಸ್ತ್ರಿಯೊಬ್ಬ ಸಿಕ್ಕಿದ. ಗಾಡಿ ಕಂಡೊಡನೆ ಕಟ್ಟಡದ ಹುಡುಗರೆಲ್ಲ ಸರದಿಯ ಮೇಲೆ ಒದೆಯಲು ಸಿದ್ಧರಾದರು. ಮಿಸ್ತ್ರಿ ಕೈ ಅಡ್ಡ ಹಿಡಿದ. "ಸಾಹೇಬ್ರ, ಮೊದಲ ಒದಿಯೂದು ಬ್ಯಾಡ್ರಿ. ಹೊಟ್ಟಿ ಕೆಟ್ಟವಗ ಒದ್ದರ ಎದ್ದಾನೇನ್ರಿ?"

ಮಾತು ಒರಟಾದರೂ ತತ್ವ ಸರಿಯಾದದ್ದು. ನಿಂತ ಪೆಟ್ರೋಲಿನ ಹಗುರ ಅಂಶ ಕೆಲವು ತಿಂಗಳಲ್ಲೇ ಆರಿಹೋಗುತ್ತದೆ. ಉಳಿದದ್ದು ಮೊದಲು ಎಣ್ಣೆಯಂತೆ, ಆಮೇಲೆ ಅಂಟಿನಂತೆ ಆಗಿ ಕಾರ್ಬ್ಯುರೇಟರಿನೊಳಗೆ ಮೆತ್ತಿಕೊಳ್ಳುತ್ತದೆ. ಟ್ಯಾಂಕಿನ ತುಕ್ಕು ಬೇರೆ. ಹಾಗಿರುವಾಗ ಒದ್ದರೆ ಆ ಕೊಳೆಯನ್ನೆಲ್ಲ ನಾವೇ ಒಳಕ್ಕೆ ಎಳೆದಂತೆ. ಸಿಲಿಂಡರಿನ ಗೋಡೆಯೂ ಒಣಗಿರುತ್ತದೆ. ಆದುದರಿಂದ ಅವನು ಮೊದಲು ಪ್ಲಗ್ಗು ಬಿಚ್ಚಿ ಆ ರಂಧ್ರದಲ್ಲಿ ನಾಲ್ಕು ಹನಿ ಎಣ್ಣೆ ಬಿಟ್ಟ. ಒಂದು ರಾತ್ರಿ ಹಾಗೇ ಇರಿಸಿ, ಮರುದಿನ ಸನ್ನೆಯನ್ನು ಕೈಯಿಂದ ಮೆಲ್ಲಗೆ ಒತ್ತಿ ನೋಡಿದ. ಎಂಜಿನ್ ತಿರುಗಿತು. ಅಜ್ಜಿ ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದರು.

ಟ್ಯಾಂಕನ್ನು ಬರಿದು ಮಾಡಿ, ಒಳಗೆ ಒಂದು ಹಿಡಿ ನಟ್ಟುಗಳನ್ನು ಹಾಕಿ ಗಲಗಲ ಕುಲುಕಿಸಿದ್ದು ಹುಡುಗರ ಪಾಲಿಗೆ ಬಂದ ಕೆಲಸ. ಇನ್ನು ಕಾರ್ಬ್ಯುರೇಟರು. ಬಿಚ್ಚಿದರೆ ಒಳಗೆ ಒಂದು ಪುಟ್ಟ ಬಟ್ಟಲು. ಅದರಲ್ಲಿ ತೇಲುವ ಬುರುಡೆ. ಪೆಟ್ರೋಲು ತುಂಬಿದಾಗ ಮೇಲೆದ್ದು ಬಾಯಿ ಮುಚ್ಚುತ್ತದೆ. ಬಟ್ಟಲಿನ ತಳದಲ್ಲಿ ಹಳೆಯ ಬೆಲ್ಲದ ಪಾಕದಂಥ ಕಂದು ಗಟ್ಟಿ. ಹಿತ್ತಾಳೆಯ ಎರಡು ಜೆಟ್ಟುಗಳಲ್ಲಿ ದೊಡ್ಡದು ಓಟಕ್ಕೆ, ಚಿಕ್ಕದು ನಿಂತಲ್ಲೇ ಉಸಿರಾಡಲಿಕ್ಕೆ. ಚಿಕ್ಕದರ ರಂಧ್ರ ಎಷ್ಟು ಕಿರಿದೆಂದರೆ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಬೇಕು. ನಮ್ಮ ಕಚೇರಿಯಲ್ಲೂ ಕಡತ ನಿಲ್ಲುವುದು ದೊಡ್ಡ ಮೇಜಿನಲ್ಲಲ್ಲ, ಇಂಥ ಕಿರಿದಾದ ಕಡೆಯಲ್ಲೇ ಎಂದು ಹೇಳಬಹುದಿತ್ತು, ಹೇಳುವುದಿಲ್ಲ. ಹುಡುಗನೊಬ್ಬ ಸೂಜಿ ತಂದುಕೊಟ್ಟ. ಮಿಸ್ತ್ರಿ ಅದನ್ನು ಹಿಂದಿರುಗಿಸಿದ. ಹಿತ್ತಾಳೆ ಮೆತುವಾದದ್ದು; ಉಕ್ಕಿನ ಸೂಜಿ ತಾಗಿದರೆ ರಂಧ್ರ ಹಿಗ್ಗುತ್ತದೆ, ಹಿಗ್ಗಿದರೆ ಅಳತೆ ಕೆಡುತ್ತದೆ. ದ್ರಾವಣದಲ್ಲಿ ನೆನೆಹಾಕಿ ಗಾಳಿ ಊದುವುದೇ ದಾರಿ. ಅಷ್ಟರಲ್ಲಿ ಕಾಂಟ್ಯಾಕ್ಟ್ ಪಾಯಿಂಟ್ ಉಜ್ಜಿ, ಹೊಸ ಬ್ಯಾಟರಿ ಕೂರಿಸಿದ್ದಾಯಿತು.

ಹೊಸ ಪೆಟ್ರೋಲಿಗೆ ಲೀಟರಿಗೆ ಸುಮಾರು 40 ಮಿಲಿ ಲೀಟರ್ ಎಣ್ಣೆ ಬೆರೆಸಿ ಒದ್ದಾಗ ಬೀದಿ ತುಂಬ ನೀಲಿ ಹೊಗೆ, ಡುಗುಡುಗು ಶಬ್ದ. ಚಪ್ಪಾಳೆ ಮುಗಿಯುವ ಮೊದಲೇ ಆರಿಹೋಯಿತು. ಆಕ್ಸಿಲರೇಟರು ತಿರುವಿ ಹಿಡಿದರೆ ಓಡುತ್ತದೆ, ಬಿಟ್ಟರೆ ಸಾಯುತ್ತದೆ. ಅಜ್ಜಿಯ ಮುಖ ಸಣ್ಣದಾಯಿತು. ಮಿಸ್ತ್ರಿ ಮಾತ್ರ ನಿಶ್ಚಿಂತನಾಗಿ ಪುನಃ ಎಲ್ಲವನ್ನೂ ಬಿಚ್ಚಿದ. ಚಿಕ್ಕ ಜೆಟ್ಟು ಅರ್ಧವೇ ತೆರೆದಿತ್ತು. ಅದೂ ಅಲ್ಲವಾಗಿದ್ದರೆ, ಒಣಗಿದ ಆಯಿಲ್ ಸೀಲಿನ ಸಂದಿನಿಂದ ಗಾಳಿ ನುಗ್ಗುತ್ತಿದೆಯೆಂದು ತಿಳಿಯಬೇಕಂತೆ. ಹಳೆಯ ಟೂ-ಸ್ಟ್ರೋಕ್ ಎಂಜಿನುಗಳಿಗೆ ಅದು ದೊಡ್ಡ ಖರ್ಚಿನ ಬೇನೆ. ಪುಣ್ಯಕ್ಕೆ ಅಲ್ಲಿಯವರೆಗೆ ಹೋಗಲಿಲ್ಲ. ಎರಡನೆಯ ಸಲ ಗಾಡಿ ಹತ್ತು ನಿಮಿಷ ನಿಂತಲ್ಲೇ ಗುಣುಗುಟ್ಟಿತು. ಅಜ್ಜಿ ಗುಜರಿಯವನಿಗೆ ಫೋನು ಮಾಡಿ ಬರಬೇಡವೆಂದು ತಾವೇ ಹೇಳಿದರು, ಮರಾಠಿಯಲ್ಲಿ, ಬಹಳ ಗತ್ತಿನಿಂದ.

ಮುಂದಿನ ಭಾಗ ನನ್ನದು. ಗಾಡಿ ತೀರಿಕೊಂಡವರ ಹೆಸರಿನಲ್ಲಿದೆ. ವಾರಸುದಾರರ ಹೆಸರಿಗೆ ಆಗಬೇಕು. ಹದಿನೈದು ವರ್ಷ ಕಳೆದ ಮೇಲೆ ತಪಾಸಣೆಗೊಡ್ಡಿ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. ಅದು ತಪ್ಪಿದ್ದರೆ ರಸ್ತೆಗೆ ಇಳಿಸುವಂತಿಲ್ಲ. ಕರ್ನಾಟಕದ ನಂಬರು ಪಡೆಯಲು ಇಲ್ಲಿಯ ನಿರಾಕ್ಷೇಪಣಾ ಪತ್ರ ಬೇಕು. ವಿಮೆಯಂತೂ ಸರಿಯೇ ಸರಿ. ಗಾಡಿ ಇದುವರೆಗೆ ಅಂಗಳದ ಗಡಿ ದಾಟಿಲ್ಲ.

ರೈಲಿನಲ್ಲಿ ಪಾರ್ಸೆಲ್ ಮಾಡಲು ಟ್ಯಾಂಕು ಬರಿದಾಗಿರಬೇಕೆಂಬ ನಿಯಮವಿದೆ. ಗಾಡಿ ನಿಲ್ಲಿಸಿಡುವವರೂ ಅದನ್ನೇ ಪಾಲಿಸಬಹುದು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರಿಗೂ ಒಗ್ಗುವುದಿಲ್ಲ. ನಲ್ಲಿ ಮುಚ್ಚಿ, ಎಂಜಿನ್ ತಾನಾಗಿ ಆರುವವರೆಗೆ ಬಿಟ್ಟು, ಬಟ್ಟಲಿನಲ್ಲಿ ಉಳಿದದ್ದನ್ನೂ ಸುರಿದುಬಿಡಬೇಕು. ನಾವು ಹಾಗೆಯೇ ಮಾಡಿದೆವು. ನಿರಾಕ್ಷೇಪಣಾ ಪತ್ರ ಇನ್ನೂ ಬಂದಿಲ್ಲ, ಅಜ್ಜಿಯ ಕಟ್ಟಡದ ಗಡುವು ಮುಗಿಯಿತು. ಆದ್ದರಿಂದ ಗಾಡಿ ಸದ್ಯ ಖಾಲಿ ಹೊಟ್ಟೆಯಲ್ಲಿ ನಮ್ಮ ಮೆಟ್ಟಿಲ ಕೆಳಗೆ ನಿಂತಿದೆ. ಎಷ್ಟು ದಿನವೆಂದು ನಮ್ಮ ಮನೆಯಾಕೆ ದಿನಕ್ಕೊಮ್ಮೆ ಕೇಳುತ್ತಾಳೆ.